ಗಣಿಯ ಕಂಬವೂ ಗಣಿಯ ಭರ್ತಿಯೂ: ಕೋಲಾರದ ಚಿನ್ನದ ಗಣಿಗಳ ಚರಿತ್ರೆಯ ಒಂದು ಮುಖ

ಕೋಲಾರದ ಚಿನ್ನದ ಗಣಿಗಳನ್ನು ಕುರಿತು ಬರೆದವರಲ್ಲಿ ಬಹುಮಂದಿ ಗಣಿಯಿಂದ ಹೊರಬಿದ್ದ ವಸ್ತುವನ್ನು ಕುರಿತು ಬರೆದಿದ್ದಾರೆ. ಎಷ್ಟು ಔನ್ಸು ಚಿನ್ನ ದೊರೆಯಿತು, ಲಂಡನ್ನಿನ ಪಾಲುದಾರರಿಗೆ ಎಷ್ಟು ಲಾಭಾಂಶ ಸಂದಿತು, ಮೈಸೂರು ಸಂಸ್ಥಾನದ ಬೊಕ್ಕಸಕ್ಕೆ ರಾಜಧನ ಎಷ್ಟು ಬಂತು, 1902ರಲ್ಲಿ ಶಿವನಸಮುದ್ರದಿಂದ 92 ಮೈಲಿ ದೂರ ವಿದ್ಯುಚ್ಛಕ್ತಿ ಹೇಗೆ ಹರಿದುಬಂತು, ಈ ಸಂಗತಿಗಳು ನಮ್ಮ ವಿದ್ಯಾರ್ಥಿಗಳಿಗೆ ತಕ್ಕಮಟ್ಟಿಗೆ ಪರಿಚಿತವಾಗಿವೆ. ಆದರೆ ಅದಿರನ್ನು ತೆಗೆದ ಮೇಲೆ ನೆಲದೊಳಗೆ ಉಳಿದ ಬರಿದು ಜಾಗದ ಚರಿತ್ರೆಯನ್ನು ಕೇಳಿದವರು ವಿರಳ. ಆ ಬರಿದನ್ನು ಏನು ಹೊತ್ತು ನಿಂತಿತ್ತು? ಅದನ್ನು ತುಂಬಬೇಕೆಂದು ಯಾರಿಗೆ, ಯಾವಾಗ, ಏಕೆ ತೋರಿತು? ತುಂಬುವ ವೆಚ್ಚವನ್ನು ಯಾರು ಕೊಟ್ಟರು? ಈ ಪ್ರಶ್ನೆಗಳು ಯಂತ್ರಶಿಲ್ಪಿಗಳಿಗೆ ಮಾತ್ರ ಸೇರಿದವೆಂದು ಬಿಟ್ಟುಬಿಡುವುದು ಇತಿಹಾಸದ ಅಧ್ಯಾಪಕರಿಗೆ ಸುಲಭ. ಆದರೆ ಅದು ನ್ಯಾಯವಲ್ಲ. ಗಣಿಯೊಳಗೆ ಸತ್ತವರಲ್ಲಿ ಒಂದು ದೊಡ್ಡ ಪಾಲು ಈ ಪ್ರಶ್ನೆಗಳ ಉತ್ತರವನ್ನು ಅವಲಂಬಿಸಿಯೇ ಸತ್ತರು.

ಬಳ್ಳಾರಿಯ ಕಡೆಯ ನಮಗೆ ಈ ವಿಷಯ ತುಸು ಅಪರಿಚಿತವಾಗಿರುವುದು ಸಹಜ. ಹಲಕುಂದಿಯಿಂದಲೋ ಕುರುಗೋಡಿನಿಂದಲೋ ಕಾಲೇಜಿಗೆ ಬರುವ ವಿದ್ಯಾರ್ಥಿಗೆ ಗಣಿಯೆಂದರೆ ಆಕಾಶಕ್ಕೆ ತೆರೆದುಕೊಂಡ, ಮೆಟ್ಟಿಲು ಮೆಟ್ಟಿಲಾಗಿ ಕಡಿದ ಕೆಂಪು ಬೆಟ್ಟ. ಸಂಡೂರು ಹೊಸಪೇಟೆಗಳ ಕಬ್ಬಿಣ ಮತ್ತು ಮ್ಯಾಂಗನೀಸಿನ ಅದಿರು ಬೆಟ್ಟದ ನೆತ್ತಿಯಲ್ಲಿಯೇ ಇದ್ದುದರಿಂದ ಇಲ್ಲಿ ಗಣಿಯ ಮಾಡು ಬೀಳುವ ಭಯವೇ ಇರಲಿಲ್ಲ, ಮಾಡೇ ಇಲ್ಲ. ಆದರೂ ಎರಡು ಪ್ರದೇಶಗಳನ್ನು ಬೆಸೆಯುವ ಒಂದು ಎಳೆಯುಂಟು. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನವನ್ನು ಕುರಿತು 1895ರಲ್ಲಿ ಪ್ರಕಟವಾದ ಪ್ರಸಿದ್ಧ ಗ್ರಂಥದ ಕರ್ತೃ ರಾಬರ್ಟ್ ಬ್ರೂಸ್ ಫೂಟ್ ಅವರೇ 1894ರಲ್ಲಿ ಸ್ಥಾಪಿತವಾದ ಮೈಸೂರು ಭೂವಿಜ್ಞಾನ ಇಲಾಖೆಯ ಮೊದಲ ಮುಖ್ಯಸ್ಥರಾಗಿದ್ದರು. ಕಪಗಲ್ಲಿನ ಗುಡ್ಡದಲ್ಲಿ ನವಶಿಲಾಯುಗದ ಜನ ಕಲ್ಲುಕೊಡಲಿ ಮಾಡಿದ ತಾಣವನ್ನು ಪರಿಶೀಲಿಸಿದ ಕಣ್ಣೇ ಕೋಲಾರದ ಶಿಲಾಪಟ್ಟಿಯನ್ನೂ ನೋಡಿತು.

ವಿಷಯಕ್ಕೆ ಬರುವ ಮುನ್ನ ಕಂಬ ಮತ್ತು ಭರ್ತಿ ಎಂಬ ಎರಡು ಮಾತುಗಳನ್ನು ಸ್ಪಷ್ಟಪಡಿಸಿಕೊಳ್ಳುವುದು ಅವಶ್ಯ. ಅದಿರನ್ನು ಪೂರ್ತಿಯಾಗಿ ತೆಗೆಯದೆ ಅಲ್ಲಲ್ಲಿ ಬಿಟ್ಟ ಗಟ್ಟಿ ಬಂಡೆಯೇ ಗಣಿಯ ಕಂಬ. ಅದು ದೇವಾಲಯದ ಕಂಬದಂತೆ ತಂದು ನಿಲ್ಲಿಸಿದ್ದಲ್ಲ. ಸುತ್ತಲಿನದನ್ನು ಕಡಿದುದರಿಂದ ಉಳಿದುದು. ಮೇಲಿನ ಬಂಡೆಯ ಭಾರ ಮೊದಲು ಎಲ್ಲೆಡೆ ಸಮವಾಗಿ ಹರಡಿದ್ದು, ಅರ್ಧವನ್ನು ತೆಗೆದರೆ ಉಳಿದ ಅರ್ಧದ ಮೇಲೆ ಇಮ್ಮಡಿಯಾಗುತ್ತದೆ. ಮುಕ್ಕಾಲನ್ನು ತೆಗೆದರೆ ನಾಲ್ಮಡಿಯಾಗುತ್ತದೆ. ಹತ್ತು ಸಾವಿರ ಅಡಿಯ ಆಳದಲ್ಲಿ ಈ ಭಾರ ಕಡಿಯುವ ಮುನ್ನವೇ ಚದರ ಅಂಗುಲಕ್ಕೆ 5 ಟನ್ನಿಗೂ ಮೇಲ್ಪಟ್ಟಿರುತ್ತದೆ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಭರ್ತಿಯೆಂದರೆ ಕಡಿದ ಜಾಗಕ್ಕೆ ಮರಳಿ ತುಂಬಿದ ಕಲ್ಲು, ಮಣ್ಣು, ಮರಳು ಅಥವಾ ಗಿರಣಿಯ ಉಳಿಕೆ.

ಇಲ್ಲಿ ಸಾಮಾನ್ಯವಾಗಿ ಒಂದು ತಪ್ಪು ತಿಳಿವಳಿಕೆ ಉಂಟಾಗುತ್ತದೆ. ಸಡಿಲವಾದ ಮರಳು ಬೆಟ್ಟದ ಭಾರವನ್ನು ಹೇಗೆ ಹೊರುತ್ತದೆ ಎಂದು ಕೇಳುವವರಿದ್ದಾರೆ. ಅದು ಹೊರುವುದಿಲ್ಲ, ಅಥವಾ ಬಹಳ ಸ್ವಲ್ಪ ಮಾತ್ರ ಹೊರುತ್ತದೆ. ಹೊರುವುದು ಕಂಬವೇ. ಮರಳು ಮಾಡುವ ಕೆಲಸ ಬೇರೆ. ಎತ್ತಿನ ಗಾಡಿಯ ಚಕ್ರದ ಗುಂಬಕ್ಕೆ ಬಡಗಿ ಕಬ್ಬಿಣದ ಬಳೆ ತೊಡಿಸುವುದನ್ನು ನಮ್ಮ ಹಳ್ಳಿಗಳಲ್ಲಿ ನೋಡದವರಿಲ್ಲ. ಬಳೆ ಗಾಡಿಯ ಭಾರವನ್ನು ಹೊರುವುದಿಲ್ಲ. ಮರ ಬಿರಿದು ಪಕ್ಕಕ್ಕೆ ಒಡೆಯದಂತೆ ಹಿಡಿಯುತ್ತದೆ. ಅತಿಭಾರಕ್ಕೆ ಸಿಕ್ಕ ಕಂಬವೂ ಹೀಗೆಯೇ ಪಕ್ಕಕ್ಕೆ ಬಿರಿದು, ಸಿಪ್ಪೆ ಸಿಪ್ಪೆಯಾಗಿ ಉದುರಿ, ಸೊಂಟ ಸಣ್ಣಗಾಗಿ ಕುಸಿಯುತ್ತದೆ. ಪಕ್ಕದಲ್ಲಿ ಭರ್ತಿಯಿದ್ದರೆ ಬಿರಿದ ಸಿಪ್ಪೆ ಉದುರಲು ಎಡೆಯಿಲ್ಲ. ಕಂಬ ಹೊರಕ್ಕೆ ತಳ್ಳಿದಷ್ಟೂ ಭರ್ತಿ ಒಳಕ್ಕೆ ಒತ್ತುತ್ತದೆ. ಆ ಪಕ್ಕದ ಒತ್ತಡ ಒಂದು ಪಾಲು ಹೆಚ್ಚಿದರೆ ಕಂಬದ ಹೊರುವ ಬಲ ಮೂರು ನಾಲ್ಕು ಪಾಲು ಹೆಚ್ಚುತ್ತದೆಂಬುದು ಶಿಲಾಬಲವಿಜ್ಞಾನದ ಪ್ರಾಥಮಿಕ ಪಾಠಗಳಲ್ಲೊಂದು. ಕಂಬ ಬಿರುಕುಬಿಟ್ಟ ಮೇಲೂ ನಿಲ್ಲುತ್ತದೆ ಎಂಬುದೇ ಭರ್ತಿಯ ಮುಖ್ಯ ಲಾಭ. ತಳದಿಂದ ಅರ್ಧ ಎತ್ತರಕ್ಕೆ ತುಂಬಿದರೂ ಬರಿಮೈಯಾಗಿ ನಿಂತ ಕಂಬದ ಎತ್ತರ ಅರ್ಧಕ್ಕಿಳಿಯುತ್ತದೆ. ಗಿಡ್ಡ ಕಂಬ ನೀಳ ಕಂಬಕ್ಕಿಂತ ಬಲವಾದುದೆಂಬುದನ್ನು ಯಾವ ಗೌಂಡಿಯೂ ಬಲ್ಲ.

ಈ ತಿಳಿವಳಿಕೆ ಲೆಕ್ಕದ ರೂಪಕ್ಕೆ ಬಂದುದು ಮಾತ್ರ ತೀರ ಈಚೆಗೆ, ಅದೂ ಒಂದು ಘೋರ ದುರಂತದ ಅನಂತರ. 1960ರ ಜನವರಿ 21ರಂದು ದಕ್ಷಿಣ ಆಫ್ರಿಕದ ಕೋಲ್‌ಬ್ರುಕ್ ಕಲ್ಲಿದ್ದಲ ಗಣಿಯಲ್ಲಿ ಸಾಲು ಸಾಲು ಕಂಬಗಳು ಒಂದರ ಹಿಂದೊಂದು ಕುಸಿದು 435 ಮಂದಿ ಹೂತುಹೋದರು. ಅಲ್ಲಿಂದ ಆರಂಭವಾದ ಸಂಶೋಧನೆಯ ಫಲವಾಗಿ ಸಾಲಮನ್ ಮತ್ತು ಮನ್ರೋ ಎಂಬ ವಿದ್ವಾಂಸರು 1967ರಲ್ಲಿ 98 ನಿಂತ ಮತ್ತು 27 ಕುಸಿದ ಉದಾಹರಣೆಗಳನ್ನು ಹೋಲಿಸಿ ಕಂಬದ ಅಗಲ, ಎತ್ತರ ಮತ್ತು ಬಲಗಳ ಸಂಬಂಧವನ್ನು ಸೂತ್ರಿಸಿದರು. ಅವರ ಸೂತ್ರದಂತೆ ಕಂಬದ ಎತ್ತರ ಇಮ್ಮಡಿಯಾದರೆ ಅದರ ಬಲ ಮೊದಲಿನ ಮೂರರಲ್ಲಿ ಎರಡು ಪಾಲಿಗಿಂತಲೂ ಕೆಳಗಿಳಿಯುತ್ತದೆ. ಇದು ಕಲ್ಲಿದ್ದಲಿಗೆ ಹೇಳಿದ ಮಾತು. ಕೋಲಾರದ ಕಗ್ಗಲ್ಲಿಗೆ ಹಾಗೆಯೇ ಅನ್ವಯಿಸುವಂತಹುದಲ್ಲ. ಆದರೆ ಕೋಲಾರದಲ್ಲಿ ಈ ಸೂತ್ರಕ್ಕೆ ಎಪ್ಪತ್ತು ವರ್ಷ ಮೊದಲೇ ಕಂಬಗಳು ಸಿಡಿಯತೊಡಗಿದ್ದವು.

ಕೋಲಾರಕ್ಕೂ ಪೂರ್ವದ ಒಂದು ಮಾತು. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಪ್ರಾಚೀನರು 640 ಅಡಿಗಳಷ್ಟು ಆಳಕ್ಕೆ ಇಳಿದಿದ್ದರು. ಅಲ್ಲಿ ದೊರೆತ ಮರದ ತುಂಡುಗಳನ್ನು ಇಂಗಾಲದ ವಿಧಾನದಿಂದ ಪರೀಕ್ಷಿಸಿದಾಗ ಅವು ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯವೆಂದು ಕಂಡುಬಂದಿದೆ. ಹತ್ತಿರದ ಮಸ್ಕಿಯಲ್ಲಿ ಅಶೋಕನ ಹೆಸರುಳ್ಳ ಶಾಸನವನ್ನು 1915ರಲ್ಲಿ ಮೊದಲು ಕಂಡವರು ಚಿನ್ನವನ್ನು ಹುಡುಕುತ್ತಿದ್ದ ಗಣಿ ಶಿಲ್ಪಿ ಬೀಡನ್ ಎಂಬುದು ಇತಿಹಾಸದ ವಿದ್ಯಾರ್ಥಿಗಳಿಗೆ ತಿಳಿದೇ ಇದೆ. ಗಣಿಗಾರನ ಅಲೆದಾಟಕ್ಕೆ ಶಾಸನಶಾಸ್ತ್ರ ತೀರಿಸಬೇಕಾದ ಋಣವಿದು. ಬಂಡೆಗೆ ಬೆಂಕಿಯಿಟ್ಟು ಕಾಯಿಸಿ ಬಿರುಕು ಬಿಡಿಸಿ ಮುಂದುವರಿಯುತ್ತಿದ್ದ ಆ ಪ್ರಾಚೀನರು ಸತ್ವಹೀನ ಕಲ್ಲನ್ನು ನೂರಾರು ಅಡಿ ಮೇಲಕ್ಕೆ ಹೊರುವುದಕ್ಕಿಂತ ಹಿಂದೆ ಬರಿದಾದ ಜಾಗಕ್ಕೆ ಸುರಿಯುವುದೇ ಸುಲಭವೆಂದು ಕಂಡಿರಬೇಕು. ಆಲ್ಚಿನ್ ಅವರು ಪ್ರಾಚೀನ ಭಾರತದ ಚಿನ್ನದ ಗಣಿಗಾರಿಕೆಯನ್ನು ಕುರಿತು 1962ರಲ್ಲಿ ಬರೆದ ಪ್ರಬಂಧ ಈ ವಿಷಯದಲ್ಲಿ ಆಸಕ್ತಿಯುಳ್ಳವರು ಓದತಕ್ಕದ್ದು.

ಇನ್ನು ಕೋಲಾರ. 1802ರಲ್ಲಿ ಮೈಸೂರಿನ ಗಡಿಯನ್ನು ಅಳೆಯುತ್ತಿದ್ದ ಲೆಫ್ಟಿನೆಂಟ್ ವಾರನ್ ಅವರು ಊರಿಗಾಂ ಮಾರಿಕುಪ್ಪಗಳಲ್ಲಿ ಹಳ್ಳಿಗರು ಚಿನ್ನ ತೆಗೆಯುವುದನ್ನು ಕಂಡು ವರದಿ ಮಾಡಿದರು. 1873ರಲ್ಲಿ ಲಾವೆಲ್ ಎಂಬ ನಿವೃತ್ತ ಐರಿಷ್ ಸೈನಿಕರು ಗಣಿಯ ಹಕ್ಕಿಗಾಗಿ ಸಂಸ್ಥಾನಕ್ಕೆ ಅರ್ಜಿ ಹಾಕಿದರು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಲಂಡನ್ ಸಂಸ್ಥೆ ಕಾಲಿಟ್ಟಿತು. ಕ್ಯಾಪ್ಟನ್ ಪ್ಲಮರ್ ಅವರು ಹಳೆಯ ಕಾಲದವರು ಬಿಟ್ಟುಹೋದ ಅಗೆತದ ಕೆಳಗೆ ಇಳಿದು ಸಮೃದ್ಧವಾದ ಚಾಂಪಿಯನ್ ಅದಿರುಪಟ್ಟಿಯನ್ನು ಮುಟ್ಟಿದ ಮೇಲೆ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ, ಬಾಲಾಘಾಟ್ ಗಣಿಗಳು ಸಾಲಾಗಿ ಬೆಳೆದವು. ಈ ಕಥೆ ಬೇರೆಡೆ ವಿಸ್ತಾರವಾಗಿ ದೊರೆಯುತ್ತದೆ.

ನಮ್ಮ ವಿಷಯಕ್ಕೆ ಮುಖ್ಯವಾದುದು ಆ ಅದಿರುಪಟ್ಟಿಯ ಆಕಾರ. ಬೆಣಚುಕಲ್ಲಿನ ಈ ಪಟ್ಟಿ ಬಹುಕಡೆ ಮೂರು ನಾಲ್ಕು ಅಡಿಗಿಂತ ದಪ್ಪವಿರಲಿಲ್ಲ. ಪಶ್ಚಿಮಕ್ಕೆ ವಾಲಿ ಕೆಳಗಿಳಿದು, ಆಳ ಹೆಚ್ಚಿದಂತೆ ಹೆಚ್ಚು ಹೆಚ್ಚು ನೆಟ್ಟಗಾಗುತ್ತಿತ್ತು. ಎರಡು ಬದಿಯಲ್ಲಿಯೂ ಅತ್ಯಂತ ಕಠಿನವಾದ ಕಪ್ಪು ಹಾರ್ನ್‌ಬ್ಲೆಂಡ್ ಶಿಲೆ. ಎರಡು ಗೋಡೆಗಳ ನಡುವೆ ಓರೆಯಾಗಿ ನಿಲ್ಲಿಸಿದ ಒಂದು ಹಲಗೆಯನ್ನು ಊಹಿಸಿಕೊಳ್ಳಿ. ಹಲಗೆಯನ್ನು ತುಂಡು ತುಂಡಾಗಿ ಕಿತ್ತರೆ ಗೋಡೆಗಳು ಒಂದರತ್ತ ಒಂದು ಸರಿಯುತ್ತವೆ, ಕೀಳದೆ ಬಿಟ್ಟ ತುಂಡುಗಳನ್ನು ಇಕ್ಕಳದಂತೆ ಹಿಸುಕುತ್ತವೆ. ಮೃದುವಾದ ಶಿಲೆಯಾಗಿದ್ದರೆ ನರಳಿ, ಬಾಗಿ, ಎಚ್ಚರಿಕೆ ಕೊಟ್ಟು ಕುಸಿಯುತ್ತಿತ್ತು. ಕೋಲಾರದ ಶಿಲೆ ಗಟ್ಟಿಯಾದುದರಿಂದಲೇ ಅಪಾಯಕಾರಿಯಾಯಿತು: ಅದು ಬಿಲ್ಲಿನಂತೆ ಒತ್ತಡವನ್ನು ಕೂಡಿಟ್ಟುಕೊಂಡು ಒಮ್ಮೆಲೇ ಸಿಡಿಯುತ್ತಿತ್ತು. 1898ರಿಂದ ಇಂಥ ಸಿಡಿತಗಳು ದಾಖಲೆಗೆ ಬಂದಿವೆ. ಆಗಿನವರು ಇದನ್ನು ‘ಏರ್ ಬ್ಲಾಸ್ಟ್’ ಎಂದರು, ಅಂದರೆ ಗಾಳಿಸಿಡಿತ. ಸಿಡಿದುದು ಬಂಡೆಯೆಂಬುದು ಹೆಸರಿನಲ್ಲಿ ಕಾಣಿಸಿಕೊಳ್ಳಲು ಕಾಲ ಹಿಡಿಯಿತು. ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ ಅವರು 1904ರಷ್ಟು ಹಿಂದೆಯೇ ಕೋಲಾರದ ಗಾಳಿಸಿಡಿತ ಮತ್ತು ನೆಲನಡುಕಗಳನ್ನು ಕುರಿತು ಒಂದು ಸ್ವತಂತ್ರ ಪತ್ರಿಕೆಯನ್ನು ಹೊರತಂದರು. ಜಗತ್ತಿನಲ್ಲಿ ಈ ವಿಷಯವನ್ನು ಕುರಿತ ಅತಿ ಹಳೆಯ ಬರೆಹಗಳಲ್ಲಿ ಇದೂ ಒಂದು. 1912ರಲ್ಲಿ ಈ ನಡುಕಗಳನ್ನು ಬರೆದುಕೊಳ್ಳಲು ಅಲ್ಲಿ ಭೂಕಂಪಮಾಪಕವನ್ನು ಸ್ಥಾಪಿಸಲಾಯಿತು. ಮೇಲಿನ ಬೀದಿಯ ಮನೆಗಳ ಪಾತ್ರೆಗಳು ಅಲುಗಿದರೆ ಒಳಗೆ ಏನೋ ಆಗಿದೆಯೆಂದು ಊರವರು ಬಾವಿಯ ಬಾಯಿಗೆ ಓಡುವ ಪರಿಪಾಠ ಆ ಊರಿನ ಬಾಳಿನಲ್ಲಿ ಬೆರೆತುಹೋಯಿತು.

ಸಿಡಿಯುತ್ತಿದ್ದವು ಯಾವುವು? ಬಹುಪಾಲು ಕಂಬಗಳು, ಅಥವಾ ಕಂಬದಂತೆ ಉಳಿದುಬಿಟ್ಟ ತುಂಡುಗಳು. ಇಳಿಬಾವಿಯನ್ನು ರಕ್ಷಿಸಲು ಅದರ ಸುತ್ತ ಬಿಟ್ಟ ಅದಿರು, ಎರಡು ಕಡೆಯಿಂದ ಕಡಿದು ಬಂದ ಕೆಲಸಗಳ ನಡುವೆ ಉಳಿದ ಪಟ್ಟಿ, ಸತ್ವ ಸಾಲದೆಂದು ಬಿಟ್ಟ ದ್ವೀಪ, ಇವೆಲ್ಲ ಸುತ್ತಲಿನ ಭಾರವನ್ನು ತಮ್ಮ ಮೇಲೆ ಎಳೆದುಕೊಂಡವು. ರಕ್ಷಣೆಗೆಂದು ಬಿಟ್ಟುದೇ ಭಕ್ಷಕವಾಯಿತು. ಬರಿಯ ಕಂಬವನ್ನು ನಂಬಿದ ಗಣಿ ಆಳಕ್ಕಿಳಿದಂತೆ ಎರಡು ದಾರಿಗಳ ಮುಂದೆ ನಿಲ್ಲುತ್ತದೆ: ಕಂಬಗಳನ್ನು ಬಹಳ ದೊಡ್ಡದಾಗಿ ಬಿಡುವುದು, ಅಂದರೆ ಚಿನ್ನವನ್ನು ನೆಲದಲ್ಲಿಯೇ ಬಿಡುವುದು, ಇಲ್ಲವೆ ಕಂಬವನ್ನು ಆದಷ್ಟು ಕಡಮೆ ಮಾಡಿ ಬರಿದಾದುದನ್ನು ಕೂಡಲೇ ಬೇರೆ ವಸ್ತುವಿನಿಂದ ತುಂಬಿ ಗೋಡೆಗಳನ್ನು ಸರಿಯಗೊಡದಿರುವುದು. ಪಾಲುದಾರರಿಗೆ ಮೊದಲನೆಯದು ಒಪ್ಪದು. ಎರಡನೆಯದಕ್ಕೆ ಹಣ ಬೇಕು, ಆಳು ಬೇಕು.

ಕೋಲಾರದ ನೂರಿಪ್ಪತ್ತು ವರ್ಷಗಳ ಆಧಾರಪದ್ಧತಿಯ ಚರಿತ್ರೆ ಈ ಎರಡನೆಯ ದಾರಿಯ ಕಡೆಗೆ ತಡವರಿಸಿಕೊಂಡು ನಡೆದ ಚರಿತ್ರೆಯೆಂದೇ ನಮ್ಮ ಅಭಿಪ್ರಾಯ. ಮೊದಲು ಮರ. ದಪ್ಪ ತೊಲೆಗಳನ್ನು ಗೋಡೆಯಿಂದ ಗೋಡೆಗೆ ಅಡ್ಡಕೊಟ್ಟು, ಕೆಲವೆಡೆ ತೊಟ್ಟಿಯಂತೆ ಹೆಣೆದು ಒಳಗೆ ಕಲ್ಲು ತುಂಬುತ್ತಿದ್ದರು. ಮರ ಸುಲಭವಾಗಿ ಒಯ್ಯಬಹುದಾದುದು, ಮುರಿಯುವ ಮುನ್ನ ಸದ್ದು ಮಾಡಿ ಎಚ್ಚರಿಸುವಂತಹುದು. ಗಣಿಗಾರರಿಗೆ ಅದರ ಮೇಲೆ ಪ್ರೀತಿ. ಆದರೆ ಅದು ಒತ್ತಿದರೆ ಕುಗ್ಗುತ್ತದೆ, ಬಿಸಿಯಲ್ಲಿ, ತೇವದಲ್ಲಿ ಕೊಳೆಯುತ್ತದೆ, ಉರಿಯುತ್ತದೆ. ಗೋಡೆಗಳು ಸಾಕಷ್ಟು ಸರಿದ ಮೇಲೆಯೇ ಮರ ಭಾರ ಹೊರಲು ತೊಡಗುವುದರಿಂದ ಆ ವೇಳೆಗೆ ಕಂಬದ ಮೇಲಿನ ಹೊರೆ ಏರಿಬಿಟ್ಟಿರುತ್ತದೆ.

ಎರಡನೆಯದು ಕಲ್ಲಿನ ಭರ್ತಿ. ಸುರಂಗ ಕೊರೆಯುವಾಗ ದೊರೆತ ಸತ್ವಹೀನ ಕಲ್ಲನ್ನು ಸುಮ್ಮನೆ ಸುರಿದರೆ ಅದರ ಒಡಲಲ್ಲಿ ಮೂರರಲ್ಲೊಂದು ಪಾಲಿಗೂ ಹೆಚ್ಚು ಖಾಲಿ ಜಾಗವಿರುತ್ತದೆ. ಗೋಡೆ ಸರಿದಂತೆ ಮೊದಲು ಆ ಖಾಲಿ ಮುಚ್ಚಿಕೊಳ್ಳಬೇಕು. ಆದುದರಿಂದ ಮುಂದೆ ಕಡಿದ ಕಣಶಿಲೆಯ ದಿಮ್ಮಿಗಳನ್ನು ಒತ್ತೊತ್ತಾಗಿ ಜೋಡಿಸಿ ಗೋಡೆ ಕಟ್ಟುವ ಪದ್ಧತಿ ಬಂತು. ಕೋಲಾರದ ಸೀಮೆಯಲ್ಲಿ ಕಣಶಿಲೆಗೂ ಕಲ್ಲುಕುಟಿಗರಿಗೂ ಬರವಿರಲಿಲ್ಲ. ಮೇಲಿನ ಬಂಡೆಯಿಂದ ಒಡೆದ ದಿಮ್ಮಿಯನ್ನು ಸಾವಿರಾರು ಅಡಿ ಕೆಳಗಿಳಿಸಿ, ಕತ್ತಲೆಯಲ್ಲಿ, ಮೈಸುಡುವ ಸೆಕೆಯಲ್ಲಿ, ಸಾಲಿನ ಮೇಲೆ ಸಾಲಿಟ್ಟು ತಲೆಬಂಡೆಗೆ ತಾಗುವವರೆಗೆ ಬಿಗಿಯುವ ಕೆಲಸ ಅದು. ಈ ಗೋಡೆ ಮರದಂತೆ ಕುಗ್ಗದು. ಅದು ಗಟ್ಟಿಯಾಗಿ ನಿಂತುದರಿಂದ ಗೋಡೆಗಳ ಸರಿತ ಕಡಮೆಯಾಯಿತು. ಪಕ್ಕದ ಕಂಬಗಳ ಮೇಲಿನ ಹೊರೆ ಇಳಿಯಿತು. ಇಪ್ಪತ್ತನೆಯ ಶತಮಾನದ ಮಧ್ಯಭಾಗದಿಂದ ಚಾಂಪಿಯನ್ ರೀಫಿನ ಆಳದ ಕೆಲಸಗಳಲ್ಲಿ ಕಾಂಕ್ರೀಟಿನ ಭರ್ತಿ ಇದೇ ತತ್ವವನ್ನು ಮುಂದುವರಿಸಿತು. ಅದಿರನ್ನು ಸಣ್ಣ ಪಟ್ಟಿಗಳಾಗಿ ತೆಗೆದು, ಮುಂದಿನ ಪಟ್ಟಿಗೆ ಕೈಹಚ್ಚುವ ಮುನ್ನ ಹಿಂದಿನದಕ್ಕೆ ಕಾಂಕ್ರೀಟು ತುಂಬುವುದು ಇದರ ಕ್ರಮ.

‘ಕುಗ್ಗುವ ಆಧಾರವೋ ಕುಗ್ಗದ ಆಧಾರವೋ’ ಎಂಬ ಚರ್ಚೆ ಆ ಕಾಲದ ಗಣಿ ಶಿಲ್ಪಿಗಳನ್ನು ಎರಡು ಪಂಗಡ ಮಾಡಿತ್ತು. ಈ ಚರ್ಚೆಗೆ ಕೋಲಾರ ಜಗತ್ತಿನ ಪಾಠಶಾಲೆಗಳಲ್ಲೊಂದಾಯಿತೆಂದರೆ ಉತ್ಪ್ರೇಕ್ಷೆಯಲ್ಲ. ಕೋಲಾರದಲ್ಲಿ ಅನುಭವ ಪಡೆದ ಮಾರಿಸನ್ ಅವರು ಕೆನಡದ ಆಂಟೇರಿಯೊ ಗಣಿಗಳ ಬಂಡೆಸಿಡಿತಗಳನ್ನು ಕುರಿತು 1942ರಲ್ಲಿ ವರದಿ ಬರೆದರು. ಕೋಲಾರದಲ್ಲಿಯೇ ದುಡಿದ ಐಸಾಕ್‌ಸನ್ ಅವರ ‘ರಾಕ್ ಪ್ರೆಷರ್ ಇನ್ ಮೈನ್ಸ್’ ಎಂಬ ಗ್ರಂಥ 1958ರಲ್ಲಿ ಪ್ರಕಟವಾಯಿತು. 1960ರ ದಶಕದಲ್ಲಿ ದಕ್ಷಿಣ ಆಫ್ರಿಕದ ನೆವಿಲ್ ಕುಕ್ ಮತ್ತು ಅವರ ಸಂಗಡಿಗರು ಗೋಡೆಗಳು ಎಷ್ಟು ಸರಿಯುತ್ತವೆಯೋ ಅಷ್ಟು ಶಕ್ತಿ ಬಿಡುಗಡೆಯಾಗುತ್ತದೆ, ಆದುದರಿಂದ ಸರಿತವನ್ನು ತಡೆಯುವುದೇ ಸಿಡಿತವನ್ನು ತಡೆಯುವ ದಾರಿ ಎಂದು ಗಣಿತದಿಂದ ತೋರಿಸಿದರು. ಕೋಲಾರದ ಕಲ್ಲುಕುಟಿಗನ ಗೋಡೆ ಮಾಡಿದುದೂ ಅದನ್ನೇ. ಅವನ ಹೆಸರು ಯಾವ ವರದಿಯಲ್ಲಿಯೂ ಇಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಗಣಿಯ ಕೂಲಿಗಳಲ್ಲಿ ಬಹುಸಂಖ್ಯಾತರು ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಸೀಮೆಗಳಿಂದ ಬಂದ ತಮಿಳು ಮತ್ತು ತೆಲುಗು ಮಾತಿನವರು. ಅವರಲ್ಲಿಯೂ ದಲಿತ ಸಮುದಾಯದವರೇ ಹೆಚ್ಚು. ಕಂಪನಿಯ ವಾರ್ಷಿಕ ವರದಿಗಳಲ್ಲಿ ಕಡಿದ ಅದಿರಿಗೆ ಟನ್ನುಗಳ ಲೆಕ್ಕ, ಚಿನ್ನಕ್ಕೆ ಔನ್ಸುಗಳ ಲೆಕ್ಕ ಉಂಟು. ಭರ್ತಿ ಮಾತ್ರ ‘ವೆಚ್ಚ’ದ ಕಲಮಿನಲ್ಲಿ ಅಡಗಿದೆ. ಚಿನ್ನ ತೆಗೆಯುವವನ ಶ್ರಮ ಉತ್ಪಾದನೆಯೆನಿಸಿತು, ಅವನ ತಲೆಯ ಮೇಲಿನ ಬಂಡೆಯನ್ನು ಹಿಡಿದು ನಿಲ್ಲಿಸುವವನ ಶ್ರಮ ನಷ್ಟವೆನಿಸಿತು. 1930ರಲ್ಲಿ ಬೆರಳಚ್ಚಿನ ದಾಖಲಾತಿಯನ್ನು ವಿರೋಧಿಸಿ ನಡೆದ ಮುಷ್ಕರದ ಚರಿತ್ರೆಯನ್ನು ಜಾನಕಿ ನಾಯರ್ ಅವರಂಥ ವಿದ್ವಾಂಸರು ಬರೆದಿದ್ದಾರೆ. ನೆಲದೊಳಗಿನ ಕಲ್ಲುಗೋಡೆಗಳ ಚರಿತ್ರೆಯೂ ಅದರ ಪಕ್ಕದಲ್ಲಿ ನಿಲ್ಲಬೇಕಾದುದು.

ಕಾನೂನಿನ ಕಡೆಗೆ ನೋಡಿದರೆ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ಬ್ರಿಟಿಷ್ ಭಾರತದ ಕಲ್ಲಿದ್ದಲ ಗಣಿಗಳಲ್ಲಿ ನದಿಯ ಮರಳನ್ನು ನೀರಿನೊಡನೆ ಕೊಳವೆಯ ಮೂಲಕ ಕೆಳಗಿಳಿಸಿ ತುಂಬುವ ವಿಧಾನ ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿಯೇ ತಿಳಿದಿತ್ತು. ಅಮೆರಿಕದ ಪೆನ್ಸಿಲ್ವೇನಿಯ ಮತ್ತು ಯೂರೋಪಿನ ಸೈಲೀಸಿಯ ಅದಕ್ಕೆ ಮಾದರಿಗಳು. ಆದರೆ ವೆಚ್ಚ ಮಾಡಲು ಮಾಲೀಕರು ಮುಂದಾಗಲಿಲ್ಲ. 1936ರ ಡಿಸೆಂಬರಿನಲ್ಲಿ ಪೊಯಿಡಿ ಗಣಿಯ ಸ್ಫೋಟದಲ್ಲಿ 209 ಮಂದಿ ಸತ್ತರು. ಬರ್ರೋಸ್ ಸಮಿತಿ ಭರ್ತಿಯನ್ನು ಕಡ್ಡಾಯ ಮಾಡಬೇಕೆಂದು ಶಿಫಾರಸು ಮಾಡಿತು. 1939ರಲ್ಲಿ ಕಲ್ಲಿದ್ದಲ ಗಣಿಗಳ ಸುರಕ್ಷತಾ ಭರ್ತಿ ಕಾಯಿದೆ ಬಂದು, ಕಲ್ಲಿದ್ದಲಿನ ಮೇಲೆ ಸುಂಕ ವಿಧಿಸಿ ಆ ಹಣದಿಂದ ಭರ್ತಿಗೆ ನೆರವು ಕೊಡುವ ಏರ್ಪಾಡಾಯಿತು. 1952ರ ಕಾಯಿದೆ ಇದನ್ನು ಸುರಕ್ಷತೆಯ ಜೊತೆಗೆ ಕಲ್ಲಿದ್ದಲಿನ ಸಂರಕ್ಷಣೆಗೂ ವಿಸ್ತರಿಸಿತು. ಬರಿದನ್ನು ತುಂಬುವುದು ಮಾಲೀಕನ ಮರ್ಜಿಯಲ್ಲ, ಸಮಾಜದ ಹೊಣೆ ಎಂಬ ತತ್ವ ಇಲ್ಲಿ ಮೊದಲ ಬಾರಿಗೆ ಶಾಸನದ ಮಾತಿನಲ್ಲಿ ಕಾಣಿಸಿಕೊಂಡಿತು.

ಕೋಲಾರಕ್ಕೆ ಇದು ಅನ್ವಯಿಸಲಿಲ್ಲ. ಅದು ಸಂಸ್ಥಾನದ ನೆಲ, ಮತ್ತು ಅಲ್ಲಿಯದು ಕಲ್ಲಿದ್ದಲಲ್ಲ. ಮೈಸೂರು ಸರ್ಕಾರಕ್ಕೆ ತನ್ನದೇ ಗಣಿ ನಿಬಂಧನೆಗಳಿದ್ದವು, ಗಣಿ ತನಿಖಾಧಿಕಾರಿಗಳಿದ್ದರು; ಸಿಡಿತದಲ್ಲಿ ಸತ್ತವರ ಲೆಕ್ಕವನ್ನು ಅವರು ವರ್ಷವರ್ಷವೂ ಬರೆದಿಟ್ಟರು. ಆದರೆ ಉತ್ಪತ್ತಿಯ ಮೇಲೆ ನೂರಕ್ಕೆ 5ರಂತೆ ರಾಜಧನ ಪಡೆಯುತ್ತಿದ್ದ ಸಂಸ್ಥಾನವು ಭರ್ತಿಗೆಂದು ಪ್ರತ್ಯೇಕ ನಿಧಿಯನ್ನು ಕಲ್ಪಿಸಲಿಲ್ಲ. ಹೀಗಾಗಿ ಕೋಲಾರದಲ್ಲಿ ಭರ್ತಿ ಉದ್ದಕ್ಕೂ ಶಿಲ್ಪಿಯ ಅನುಭವ ಮತ್ತು ಕಂಪನಿಯ ಲೆಕ್ಕಪತ್ರ ಇವೆರಡರ ನಡುವಿನ ಒಪ್ಪಂದವಾಗಿಯೇ ಉಳಿಯಿತು. ಅಲ್ಲಿ ಏನೂ ಆಗಲಿಲ್ಲವೆಂದು ನಾವು ಹೇಳುತ್ತಿಲ್ಲ. ಆದುದೆಲ್ಲ ಒಂದೊಂದು ಸಿಡಿತದ ಬೆಲೆಯಿಂದ ಆಯಿತು ಎಂಬುದಷ್ಟೇ ನಮ್ಮ ಮಾತು.

ಇನ್ನು ಗಿರಣಿಯ ಉಳಿಕೆ. ಕೋಲಾರದ ರೈಲಿನಲ್ಲಿ ಹೋದವರೆಲ್ಲರೂ ಬಿಳಿ ಬೂದು ಬಣ್ಣದ ಬೆಟ್ಟಗಳನ್ನು ಕಂಡಿರುತ್ತಾರೆ. ಅವನ್ನು ಅಲ್ಲಿಯವರು ಸೈನೈಡ್ ದಿಬ್ಬಗಳೆನ್ನುತ್ತಾರೆ. ಕುಟ್ಟಿ, ಅರೆದು, ಸೈನೈಡಿನ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಹುಡಿ ಅದು. ಸುಮಾರು ಮೂರೂವರೆ ಕೋಟಿ ಟನ್ನೆಂದು ಅಂದಾಜು. ಬೇಸಗೆಯ ಗಾಳಿಗೆ ಎದ್ದು ಮನೆಮನೆಯ ಅನ್ನದ ತಟ್ಟೆಗೆ ಬೀಳುತ್ತಿದ್ದ ಈ ಹುಡಿ ಎಲ್ಲಿಂದ ಬಂತೋ ಅಲ್ಲಿಗೇ ಮರಳಿ ಏಕೆ ಹೋಗಲಿಲ್ಲ ಎಂಬ ಪ್ರಶ್ನೆ ಎಂಥವನಿಗೂ ಹೊಳೆಯತಕ್ಕದ್ದು. ಉತ್ತರ ಅಷ್ಟು ಸರಳವಲ್ಲ. ಮೊದಲನೆಯದಾಗಿ, ಒಡೆದ ಬಂಡೆ ಉಬ್ಬುತ್ತದೆ. ತೆಗೆದುದೆಲ್ಲವೂ ತೆಗೆದ ಜಾಗದಲ್ಲಿ ಹಿಡಿಸದು. ಎರಡನೆಯದಾಗಿ, ನುಣುಪಾದ ಹುಡಿ ನೀರನ್ನು ಬಿಟ್ಟುಕೊಡದು. ನೀರಿನೊಡನೆ ಕೊಳವೆಯಲ್ಲಿ ಇಳಿಸಿದ ಭರ್ತಿಯಿಂದ ನೀರು ಬಸಿದುಹೋಗದಿದ್ದರೆ ಅದು ಭರ್ತಿಯಲ್ಲ, ಕೆಸರಿನ ಕೆರೆ. ತಡೆಗೋಡೆ ಒಡೆದರೆ ಕೆಳಗಿನ ಕೆಲಸಗಾರರನ್ನು ಕೊಚ್ಚಿಕೊಂಡು ಹೋಗುತ್ತದೆ. ಆದುದರಿಂದ ನುಣುಪನ್ನು ಬೇರ್ಪಡಿಸಿ ಒರಟು ಮರಳನ್ನು ಮಾತ್ರ ಕಳುಹಿಸಬೇಕು. ಹೀಗೆ ಶೋಧಿಸಿದ ಉಳಿಕೆಯ ಮರಳನ್ನು ತುಂಬುವ ಪದ್ಧತಿ ಕೋಲಾರದಲ್ಲಿ ಬಳಕೆಗೆ ಬಂದುದು ಕೊನೆಯ ದಶಕಗಳಲ್ಲಿ. ಆ ವೇಳೆಗೆ ದಿಬ್ಬಗಳು ಬೆಳೆದುನಿಂತಿದ್ದವು, ಮೇಲಿನ ಹಂತಗಳ ಬರಿದು ಜಾಗಗಳು ದಾಟಿಹೋಗಿದ್ದವು. ಕೆನಡದ ಸಡ್‌ಬರಿಯಲ್ಲಿ ಮರಳಿಗೆ ಸಿಮೆಂಟು ಬೆರೆಸುವುದು 1960ರ ಸುಮಾರಿಗೆ ರೂಢಿಗೆ ಬಂತು. ಜರ್ಮನಿಯ ಬಾಡ್ ಗ್ರುಂಡಿನಲ್ಲಿ ನುಣುಪನ್ನೂ ಸೇರಿಸಿ ಹಿಟ್ಟಿನ ಮುದ್ದೆಯಂತೆ ಕಲಸಿ ಪಂಪು ಮಾಡುವ ವಿಧಾನ ಅದಕ್ಕೂ ಈಚಿನದು. ಸಿಮೆಂಟು ಬೆರೆತ ಭರ್ತಿ ಒಣಗಿದ ಮೇಲೆ ತಾನೇ ನಿಲ್ಲುವುದರಿಂದ ಪಕ್ಕದ ಕಂಬದಲ್ಲಿ ಬಿಟ್ಟಿದ್ದ ಅದಿರನ್ನೂ ತೆಗೆಯಬಹುದು. ಈ ವಿದ್ಯೆ ಪ್ರಬುದ್ಧವಾಗುವ ಹೊತ್ತಿಗೆ ಕೋಲಾರದ ಅದಿರೇ ಬಡವಾಗಿತ್ತು.

ಮುಂದಿನ ಸಂಗತಿಗಳನ್ನು ಚುಟುಕಾಗಿ ಹೇಳಬಹುದು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಶಕ್ಕೆ ತೆಗೆದುಕೊಂಡಿತು. 1962ರಲ್ಲಿ ಅವು ಕೇಂದ್ರ ಸರ್ಕಾರಕ್ಕೆ ಸೇರಿದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ರಚಿತವಾಯಿತು. ಚಾಂಪಿಯನ್ ರೀಫ್ ಗಣಿ ಹತ್ತು ಸಾವಿರ ಅಡಿಯನ್ನು ದಾಟಿ ಇಳಿಯಿತು. ಅಲ್ಲಿನ ಬಂಡೆಯ ಶಾಖ 65 ಡಿಗ್ರಿ ಸೆಂಟಿಗ್ರೇಡಿನಷ್ಟು. 1978ರಲ್ಲಿ ಭಾಭಾ ಪರಮಾಣು ಸಂಶೋಧನ ಕೇಂದ್ರದವರು ಸಿಡಿತದ ನೆಲೆಯನ್ನು ಗುರುತಿಸುವ ಮಾಪಕಗಳ ಜಾಲವನ್ನು ಹರಡಿದರು. 1988ರಲ್ಲಿ ರಾಷ್ಟ್ರೀಯ ಶಿಲಾಬಲವಿಜ್ಞಾನ ಸಂಸ್ಥೆ ಕೋಲಾರದ ಗಣಿಪ್ರದೇಶದಲ್ಲಿಯೇ ಸ್ಥಾಪಿತವಾದುದು ಸಹಜವೇ ಆಗಿತ್ತು. ಕೊನೆಗೆ ಟನ್ನಿಗೆ ಕೆಲವೇ ಗ್ರಾಂ ಚಿನ್ನ ದೊರೆಯುವ ಸ್ಥಿತಿಗೆ ಬಂದು 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಪಂಪುಗಳು ನಿಂತವು, ನೀರು ಏರಿತು. ಬರಿದು ಜಾಗಗಳಿಗೆ ಕೊನೆಯ ಭರ್ತಿ ನೀರೇ ಆಯಿತು. ಇದು ಕಂಬವನ್ನು ಪಕ್ಕದಿಂದ ಹಿಡಿಯುವ ಭರ್ತಿಯಲ್ಲ. ಬಿರುಕುಗಳೊಳಗೆ ಹೊಕ್ಕು ಹಿಡಿತವನ್ನು ಸಡಿಲಿಸುವಂತಹುದು. ಮುಚ್ಚಿದ ಮೇಲೆಯೂ ಅಲ್ಲಿ ನೆಲ ಕಂಪಿಸಿದುದಕ್ಕೆ ತಜ್ಞರು ಹೇಳುವ ಕಾರಣವಿದು.

2024ರಲ್ಲಿ ಕರ್ನಾಟಕ ಸರ್ಕಾರದ ಮಂತ್ರಿಮಂಡಲ ಕೋಲಾರದ 13 ದಿಬ್ಬಗಳ ಉಳಿಕೆಯಿಂದ ಮತ್ತೆ ಚಿನ್ನ ತೆಗೆಯುವ ಪ್ರಸ್ತಾಪಕ್ಕೆ ಸಮ್ಮತಿಯಿತ್ತಿತು. ದಿಬ್ಬವನ್ನು ಮತ್ತೊಮ್ಮೆ ತೊಳೆದರೂ ಹುಡಿ ಹುಡಿಯಾಗಿಯೇ ಉಳಿಯುತ್ತದೆ, ಅದನ್ನು ಎಲ್ಲಿ ಇಡಬೇಕೆಂಬ ಪ್ರಶ್ನೆಯೂ ಉಳಿಯುತ್ತದೆ. ಬಳ್ಳಾರಿಯಲ್ಲಿಯೂ ಇದಕ್ಕೆ ಸಮಾನವಾದ ಪ್ರಶ್ನೆ ಬೇರೆ ದಾರಿಯಿಂದ ಬಂದಿದೆ. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ಜಿಲ್ಲೆಯ ಗಣಿಗಾರಿಕೆಯನ್ನು ತಡೆದು, ಮುಂದೆ ಪ್ರತಿಯೊಂದು ಗುತ್ತಿಗೆಗೂ ನೆಲವನ್ನು ಸರಿಪಡಿಸುವ ಯೋಜನೆ ಇರಲೇಬೇಕೆಂದು ವಿಧಿಸಿತು. ಅಗೆದ ಹೊಂಡ ಮತ್ತು ಸುರಿದ ಮಣ್ಣಿನ ಲೆಕ್ಕ ಆ ಯೋಜನೆಗಳ ಭಾಗ. ಇಲ್ಲಿ ಹಿಡಿದು ನಿಲ್ಲಿಸಬೇಕಾದುದು ಕಂಬವನ್ನಲ್ಲ, ಮಳೆಗೆ ಜಾರುವ ಕೆಂಪು ಮಣ್ಣನ್ನು.

ಆಳದ ಗಣಿಯಲ್ಲಿ ಈ ವಿದ್ಯೆಯ ಮುಂದುವರಿಕೆಯನ್ನು ನೋಡಬೇಕೆನ್ನುವ ವಿದ್ಯಾರ್ಥಿಗಳು ಹಟ್ಟಿಯ ಕಡೆ ನೋಡಬೇಕು. 1947ರಲ್ಲಿ ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಸ್ಥಾಪಿತವಾದ ಕಂಪನಿ ಅಲ್ಲಿ ಹೆಸರು ಬದಲಾಗಿ ಕೆಲಸ ಮಾಡುತ್ತಿದೆ. ಅದಿರನ್ನು ತೆಗೆದ ಮೇಲೆ ಗಿರಣಿಯ ಒರಟು ಮರಳನ್ನು ನೀರಿನೊಡನೆ ಇಳಿಸಿ ಬರಿದನ್ನು ತುಂಬುವ ಪದ್ಧತಿ ಅಲ್ಲಿ ರೂಢಿಯಲ್ಲಿದೆ. ಎರಡು ಸಾವಿರ ವರ್ಷಗಳ ಹಿಂದೆ ಬೆಂಕಿ ಹಚ್ಚಿ ಕಲ್ಲೊಡೆದವರ ಅಗೆತದಿಂದ ಕೆಳಕ್ಕೆ, ಅದೇ ಅದಿರಿನ ಸೀಮೆಯಲ್ಲಿ.